ಆರು ಸಿಲಿಂಡರಿನ ಕಮಾರೊ ಮತ್ತು ಅದರ ಮೇಲಿನ ಝಡ್28 ಬ್ಯಾಡ್ಜ್

ಅಮೆರಿಕದ ಹಳೆಯ ಮಸಲ್ ಕಾರುಗಳ, ಅಂದರೆ ದೊಡ್ಡ ಎಂಜಿನ್ ಕೂರಿಸಿದ ವೇಗದ ಕಾರುಗಳ ಅಭಿಮಾನಿಗಳಲ್ಲಿ ಎಷ್ಟು ವರ್ಷವಾದರೂ ಮುಗಿಯದ ಜಗಳವೊಂದಿದೆ. ಸಾಮಾನ್ಯ ಮಾದರಿಯ ಕಾರನ್ನು ಕೊಂಡು, ಕಂಪನಿಯೇ ತಯಾರಿಸುತ್ತಿದ್ದ ಮೇಲ್ದರ್ಜೆಯ ಮಾದರಿಯ ಎಂಜಿನ್, ಬಾನೆಟ್, ಪಟ್ಟೆ, ಬ್ಯಾಡ್ಜ್ ಎಲ್ಲವನ್ನೂ ಅದಕ್ಕೆ ತೊಡಿಸಿ, ನೋಡಿದವರು ಅದೇ ಇದು ಎನ್ನುವಂತೆ ಮಾಡುವುದು ಸರಿಯೋ ತಪ್ಪೋ ಎಂಬುದು ಆ ಜಗಳ. ಡೆಟ್ರಾಯ್ಟ್ ಸುತ್ತಮುತ್ತ ನೆಲೆಸಿ, ಆಗಸ್ಟ್ ತಿಂಗಳ ವುಡ್‌ವರ್ಡ್ ಡ್ರೀಮ್ ಕ್ರೂಸ್ ಎಂಬ ಹಳೆಯ ಕಾರುಗಳ ಮೆರವಣಿಗೆಯಲ್ಲಿ ರಸ್ತೆ ಬದಿ ಕುರ್ಚಿ ಹಾಕಿಕೊಂಡು ಕುಳಿತ ಕನ್ನಡಿಗರು ಈ ವಾದವನ್ನು ಕೇಳಿಯೇ ಇರುತ್ತಾರೆ. ನನ್ನ ಅಭಿಪ್ರಾಯ ಎರಡೂ ಪಕ್ಷದವರಿಗೆ ಹಿಡಿಸಲಿಕ್ಕಿಲ್ಲ: ನಕಲು ಕಟ್ಟುವುದರಲ್ಲಿ ಮೋಸವಿಲ್ಲ, ಆದರೆ ನಷ್ಟವಿದೆ, ಮತ್ತು ಆ ನಷ್ಟ ಅಸಲಿ ಕಾರಿನ ಒಡೆಯನದಲ್ಲ.

ಮೋಸವಿಲ್ಲ ಎನ್ನಲು ಕಾರಣ, ಕಾರ್ಖಾನೆಗಳು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಜನರಲ್ ಮೋಟರ್ಸ್‌ನ ಪಾಂಟಿಯಾಕ್ ವಿಭಾಗ 1964ರ ಮಾದರಿಯಾಗಿ ಹೊರತಂದ ಜಿಟಿಒ ಬೇರೆ ಕಾರೇನೂ ಆಗಿರಲಿಲ್ಲ. ಟೆಂಪೆಸ್ಟ್ ಲೆಮಾನ್ಸ್ ಎಂಬ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ 389 ಕ್ಯೂಬಿಕ್ ಇಂಚಿನ ಎಂಜಿನ್ ಕೂರಿಸಿದ್ದರು, ಅಷ್ಟೆ. ಆ ಗಾತ್ರದ ಕಾರಿಗೆ ಅಷ್ಟು ದೊಡ್ಡ ಎಂಜಿನ್ ಕೂಡದೆಂದು ಜನರಲ್ ಮೋಟರ್ಸ್‌ನಲ್ಲಿ ಒಳ ನಿಯಮವಿದ್ದುದರಿಂದ, ಹೊಸ ಮಾದರಿ ಎನ್ನದೆ ಆರ್ಡರ್ ಫಾರಂನಲ್ಲಿ ಗುರುತು ಹಾಕಬಹುದಾದ ಒಂದು ಆಯ್ಕೆಯನ್ನಾಗಿ ಅದನ್ನು ನುಸುಳಿಸಿದರು. ಇಂದು ಪೂಜೆಗೊಳ್ಳುವ ಬಹುಪಾಲು ಮಸಲ್ ಕಾರುಗಳ ಹುಟ್ಟು ಹೀಗೆಯೇ ಆದದ್ದು. ಅದೇ ಬಿಡಿಭಾಗಗಳನ್ನು ಅದೇ ಕಾರಿನ ಬಾಡಿಯ ಮೇಲೆ ಐವತ್ತು ವರ್ಷ ತಡವಾಗಿ ಒಬ್ಬ ಮೆಕ್ಯಾನಿಕ್ ತನ್ನ ಶೆಡ್ಡಿನಲ್ಲಿ ಜೋಡಿಸಿದರೆ ಅದು ಪಾಪ ಹೇಗಾಗುತ್ತದೆ?

ಉದಾಹರಣೆಗೆ 1969ರ ಶೆವ್ರೊಲೆ ಕಮಾರೊ ನೋಡೋಣ. ಆ ವರ್ಷದ ಮಾದರಿಯಲ್ಲಿ ತಯಾರಾದ ಒಟ್ಟು 2,43,085 ಕಾರುಗಳಲ್ಲಿ ಝಡ್28 ಎಂಬ ಮೇಲ್ದರ್ಜೆಯ ಆವೃತ್ತಿ ಆಗಿದ್ದವು 20,302 ಮಾತ್ರ. ಟ್ರಾನ್ಸ್-ಆಮ್ ಎಂಬ ಕಾರ್ ರೇಸಿನ 5 ಲೀಟರ್ ಎಂಜಿನ್ ಮಿತಿಗೆ ಹೊಂದಿಸಿ ಮಾಡಿದ 302 ಕ್ಯೂಬಿಕ್ ಇಂಚಿನ ಎಂಜಿನ್ ಅದರದು. ಕಾಗದದ ಮೇಲೆ 290 ಅಶ್ವಶಕ್ತಿ. ಅದರೊಂದಿಗೆ ನಾಲ್ಕು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್ ಮತ್ತು ಮುಂಗಾಲಿಗಳಿಗೆ ಡಿಸ್ಕ್ ಬ್ರೇಕ್ ಕಡ್ಡಾಯವಾಗಿದ್ದವು. ಆಟೊಮ್ಯಾಟಿಕ್ ಆಗಲಿ ಏಸಿಯಾಗಲಿ ಸಿಗುತ್ತಿರಲಿಲ್ಲ. ಹಾಗಾಗಿ ಕಾರ್ಖಾನೆಯ ಏಸಿ ಇರುವ ಝಡ್28 ಕಂಡರೆ ಬಾನೆಟ್ ಎತ್ತುವ ಶ್ರಮವನ್ನೂ ಪಡಬೇಕಿಲ್ಲ. ಅನುಮಾನ ಉಳಿದರೆ ಕಾರಿನ ಹಿಂದೆ ಬಗ್ಗಿ, ಹಿಂಗಾಲಿಗಳ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಮುಚ್ಚಳದ ಬೋಲ್ಟುಗಳನ್ನು ಎಣಿಸಬೇಕು: ಅಸಲಿಯಲ್ಲಿ ಹನ್ನೆರಡು, ಸಾದಾ ಕಾರುಗಳಲ್ಲಿ ಸಾಮಾನ್ಯವಾಗಿ ಹತ್ತು. ಮುಂಗಾಜಿನಾಚೆ ಕಾಣುವ ಚಾಸಿ ನಂಬರಿನ ಮೂರನೆಯ ಅಂಕಿ 3 ಆಗಿದ್ದರೆ ಕಾರು ಹುಟ್ಟಿದ್ದೇ ಆರು ಸಿಲಿಂಡರಿನೊಂದಿಗೆ, ಗುಟ್ಟು ಅಲ್ಲಿಗೇ ರಟ್ಟು. ಅದು 4 ಆಗಿದ್ದರೆ ಎಂಟು ಸಿಲಿಂಡರಿನ ವಿ8 ಎಂದಷ್ಟೇ ತಿಳಿಯುತ್ತದೆ. ಯಾವ ವಿ8 ಎಂದು ಆ ನಂಬರ್ ಹೇಳುವುದಿಲ್ಲ. ನಿಜವಾದ ವಂಚಕರು ಆರು ಸಿಲಿಂಡರಿನ ಕಾರಿನ ತಂಟೆಗೆ ಹೋಗದೆ ಸಾಮಾನ್ಯ ವಿ8 ಕಾರನ್ನೇ ಹುಡುಕುವುದು ಇದಕ್ಕಾಗಿ.

ಎಲ್ಲ ಕಂಪನಿಗಳ ಕಾರುಗಳಲ್ಲೂ ಇಷ್ಟು ತಾಪತ್ರಯವಿಲ್ಲ. ಕ್ರೈಸ್ಲರ್ ಕಾರುಗಳ ಚಾಸಿ ನಂಬರಿನಲ್ಲೇ ಎಂಜಿನ್ನಿನ ಅಕ್ಷರವಿರುತ್ತದೆ. ಕ್ರೈಸ್ಲರ್‌ನದೇ ಆದ 1970ರ ಪ್ಲಿಮತ್ ಬ್ಯಾರಕ್ಯೂಡಾದ ಐದನೆಯ ಸ್ಥಾನದಲ್ಲಿ ಆರ್ ಇದ್ದರೆ 426 ಹೆಮಿ ಎಂಬ ದೊಡ್ಡ ಎಂಜಿನ್. ಪಾಂಟಿಯಾಕ್ ಮತ್ತು 1967ರಿಂದೀಚಿನ ಫೋರ್ಡ್ ಕಾರುಗಳ ತಯಾರಿಕಾ ದಾಖಲೆಯ ಪ್ರತಿಯನ್ನು ಹಣ ಕೊಟ್ಟು ತರಿಸಿಕೊಳ್ಳಬಹುದು. ಅಮೆರಿಕದಲ್ಲೇ ಮಾರಾಟವಾದ ಶೆವ್ರೊಲೆಗೆ ಆ ಭಾಗ್ಯವಿಲ್ಲದ ಕಾರಣ ಎಲ್ಲರ ಕಣ್ಣೂ ಎಂಜಿನ್ನಿನ ಮುಂಭಾಗದ ಸಣ್ಣ ಚಪ್ಪಟೆ ಜಾಗದ ಮೇಲೆ. 1969ರ ಝಡ್28 ಆದರೆ ಅಲ್ಲಿ ಡಿಝಡ್ ಎಂಬ ಅಕ್ಷರಗಳು ಒತ್ತಿರುತ್ತವೆ. ಕಾರ್ಖಾನೆಯ ಯಂತ್ರ ಆ ಜಾಗವನ್ನು ಹೆರೆದಾಗ ಮೂಡಿದ ನವಿರಾದ ಸಮಾನಾಂತರ ಗೆರೆಗಳೂ ಇರುತ್ತವೆ. ಹಳೆಯ ಅಕ್ಷರ ಉಜ್ಜಿ ಹೊಸದು ಒತ್ತಿದವನು ಆ ಗೆರೆಗಳನ್ನೂ ಅಳಿಸಿರುತ್ತಾನೆ. ಟಾರ್ಚ್ ಓರೆಯಾಗಿ ಹಿಡಿದರೆ ಕಾಣುತ್ತದೆ, ಆದರೆ ಗೆರೆಗಳನ್ನೂ ನಕಲು ಮಾಡುವ ಮಹಾನುಭಾವರಿದ್ದಾರೆ.

ಉಜ್ಜಿ ಒತ್ತಿದ ಆ ಗಳಿಗೆಯಲ್ಲೇ ಕೆಲಸ ಹವ್ಯಾಸದ ಗಡಿ ದಾಟಿ ವಂಚನೆಯಾಗುತ್ತದೆ. ಚಾಸಿ ನಂಬರಿನ ಫಲಕವನ್ನು ತಿದ್ದುವುದಂತೂ ಅಮೆರಿಕದ ಒಕ್ಕೂಟ ಕಾನೂನಿನಲ್ಲೇ ಅಪರಾಧ. ನಕಲೆಂದು ಬರೆದುಕೊಟ್ಟು ಮಾರುವವನನ್ನೂ ಬಾಯಿ ಮುಚ್ಚಿಕೊಂಡು ಮಾರುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಹೊಸ ಕಾಲದ ನಕಲುಗಳ ಬಗ್ಗೆ ನನಗೆ ಅಷ್ಟು ಉದಾರತೆ ಇಲ್ಲ. 2015ರ ಮಾದರಿಯಾಗಿ ಬಂದ ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟ್‌ಗೆ 707 ಅಶ್ವಶಕ್ತಿ. ಅದೇ ಬಾಡಿಯ ವಿ6 ಕಾರಿಗೆ 305. ಆ ವಿ6ಗೆ ಹೆಲ್‌ಕ್ಯಾಟ್ ಬಾನೆಟ್ ಮತ್ತು ಬ್ಯಾಡ್ಜ್ ಅಂಟಿಸಿ, ಬ್ರೇಕನ್ನೂ ಸಸ್ಪೆನ್ಷನ್ನನ್ನೂ ಮುಟ್ಟದೆ ಬಿಡುವುದು ಬರೀ ವೇಷ. ಹಳೆಯ ಕಾರಿಗಾಗಿ ಹನ್ನೆರಡು ಬೋಲ್ಟಿನ ಆಕ್ಸಲ್ ಹುಡುಕಿಕೊಂಡು ಗುಜರಿಯಿಂದ ಗುಜರಿಗೆ ಅಲೆಯುವವನ ಸಾಲಿಗೆ ಇವನನ್ನು ಸೇರಿಸಲಾರೆ.

ಇನ್ನು ನಷ್ಟದ ಮಾತು. 1969ರಲ್ಲಿ 230 ಕ್ಯೂಬಿಕ್ ಇಂಚಿನ, 140 ಅಶ್ವಶಕ್ತಿಯ ಕಮಾರೊ ಕೊಂಡವರು ಶಿಕ್ಷಕಿಯರು, ಗುಮಾಸ್ತರು, ಮೊದಲ ಕೆಲಸಕ್ಕೆ ಸೇರಿದ ಹುಡುಗರು. ಪಟ್ಟೆಯಿಲ್ಲದ, ಡ್ರಮ್ ಬ್ರೇಕಿನ, ಪೆಟ್ರೋಲಿನ ಲೆಕ್ಕ ಹಿಡಿದು ಕೊಂಡ ಕಾರುಗಳವು. ಪ್ರದರ್ಶನಗಳಲ್ಲಿ ಈಗ ಅವು ಕಾಣುವುದೇ ಅಪರೂಪ, ಝಡ್28 ಬ್ಯಾಡ್ಜಿನವು ಸಾಲುಸಾಲು. ತುಕ್ಕು ತಿಂದು, ಗುಜರಿ ಸೇರಿ ಹೋದವು ಹೋದವು. ಉಳಿದವುಗಳಲ್ಲಿ ಅದೆಷ್ಟೋ ಕಾರುಗಳ ಎಂಜಿನ್ ಕಿತ್ತು ಮೂಲೆಗೆ ಹಾಕಿ, ಬಾಡಿಯ ಮೇಲೆ ಪಟ್ಟೆ ಬಳಿದದ್ದಾಯಿತು. ಅಸಲಿ ಝಡ್28ಗೆ ಕಾವಲಿದೆ, ಬೆಲೆಯಿದೆ, ಹವಾನಿಯಂತ್ರಿತ ಗ್ಯಾರೇಜಿದೆ. ಅಂದಿನ ರಸ್ತೆಗಳನ್ನು ನಿಜವಾಗಿ ತುಂಬಿದ್ದ ಸಾದಾ ಕಾರಿಗೆ ಅದರ ಒಡೆಯನೇ ಶತ್ರು.

ಆದ್ದರಿಂದ ನಕಲು ಕಟ್ಟಬೇಕೆಂದಿರುವವರು ಎಂಜಿನ್ ಕಳೆದುಕೊಂಡು ಕೊಟ್ಟಿಗೆಯಲ್ಲಿ ಬಿದ್ದಿರುವ ಬಾಡಿಯನ್ನು ಹುಡುಕಲಿ, ಇಲ್ಲವೇ ಜನರಲ್ ಮೋಟರ್ಸ್‌ನ ಪರವಾನಗಿ ಪಡೆದು ಡೈನಾಕಾರ್ನ್ ಕಂಪನಿ ಹೊಸದಾಗಿ ತಯಾರಿಸುವ 1969ರ ಮಾದರಿಯ ಬಾಡಿಯನ್ನು ತರಿಸಿಕೊಳ್ಳಲಿ. ಹೊಸ ಬಾಡಿಯಾದರೆ ಖರ್ಚು ಹೆಚ್ಚು, ಮತ್ತು ಅದನ್ನು 1969ರ ಕಾರೆಂದು ಹೇಳಿಕೊಳ್ಳುವಂತಿಲ್ಲ. ತನ್ನದೇ ಎಂಜಿನ್ನು, ಗೇರ್‌ಬಾಕ್ಸಿನೊಂದಿಗೆ ಇನ್ನೂ ಓಡುತ್ತಿರುವ ಆರು ಸಿಲಿಂಡರಿನ ಕಮಾರೊ ಸಿಕ್ಕರೆ ಮಾತ್ರ, ಟ್ಯೂನಿಂಗ್ ಮಾಡಿಸಿ, ಬ್ರೇಕ್ ಲೈನಿಂಗ್ ಬದಲಿಸಿ, ಹಾಗೆಯೇ ಓಡಿಸಲಿ.