ಉಷ್ಣತೆಯನ್ನು ಸೊನ್ನೆ ಮಾಡಿ ಪಾಠ ಮುಗಿಸಬೇಡಿ

ಇವತ್ತು ಒಂದು ಎಂಎಸ್‌ಸಿ ಸೆಮಿನಾರ್ ಕೇಳಿ ಬಂದಾಗಿನಿಂದ ಮನಸ್ಸಿಗೆ ಸಮಾಧಾನವೇ ಇಲ್ಲ. ಲೋಹದೊಳಗೆ ಕಲ್ಮಶದ ಒಂದು ಪರಮಾಣು ಸೇರಿಕೊಂಡರೆ ಸುತ್ತಲಿನ ಎಲೆಕ್ಟ್ರಾನುಗಳಿಗೆ ಏನಾಗುತ್ತದೆ ಅನ್ನುವುದು ವಿಷಯ. ಹುಡುಗಿ ಚೆನ್ನಾಗಿ ಓದಿಕೊಂಡಿದ್ದಳು. ಗ್ರಾಫಿನಲ್ಲಿ ಕಲ್ಮಶದಿಂದ ದೂರ ಹೋದಂತೆ ನುಣ್ಣಗೆ ಇಳಿಯುವ ಒಂದು ಗೆರೆ ಎಳೆದು, ಎಲೆಕ್ಟ್ರಾನುಗಳು ಮುತ್ತಿಕೊಂಡು ಅದರ ಚಾರ್ಜನ್ನು ಮರೆಮಾಡುತ್ತವೆ ಅಂದಳು. "ಉಷ್ಣತೆ ಎಷ್ಟಮ್ಮ?" ಅಂತ ಕೇಳಿದೆ. ಅವಳು ಬಾಯಿ ತೆರೆಯುವ ಮೊದಲೇ ಅವಳ ಮೇಷ್ಟ್ರು, "ಅದು ಇಲ್ಲಿ ಮುಖ್ಯ ಅಲ್ಲ ಸಾರ್, ಸೊನ್ನೆ ಅಂತ ಇಟ್ಕೊಳ್ಳಿ" ಅಂದುಬಿಟ್ಟರು.

ಸೊನ್ನೆ ಅಂದರೆ ಸೊನ್ನೆ ಕೆಲ್ವಿನ್, ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್. ಹಾಗಂತ ಯಾಕೆ ಇಟ್ಟುಕೊಳ್ಳಬೇಕು?

ಅವರ ವಾದ ನನಗೆ ಗೊತ್ತು. ತಾಮ್ರದ ಫರ್ಮಿ ಉಷ್ಣತೆ, ಅಂದರೆ ಸೊನ್ನೆಯಲ್ಲೂ ಅದರ ಎಲೆಕ್ಟ್ರಾನುಗಳಿಗಿರುವ ಗರಿಷ್ಠ ಶಕ್ತಿಯನ್ನು ಉಷ್ಣತೆಯಾಗಿ ಬರೆದರೆ ಬರುವ ಅಂಕಿ, ಸುಮಾರು 80,000 ಕೆಲ್ವಿನ್. ಅದರ ಮುಂದೆ ಕೋಣೆಯ 300 ಯಾವ ಲೆಕ್ಕ? ಕಲ್ಮಶದ ಪಕ್ಕದಲ್ಲೇ ನೋಡಿದರೆ ಸರಿಯೇ. ಮರೆಮಾಡುವ ಕೆಲಸ ಅಲ್ಲಿ ಸುಮಾರು ಅರ್ಧ ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಅಂದರೆ ನ್ಯಾನೋಮೀಟರಿನ ಹತ್ತನೇ ಒಂದು ಪಾಲು) ಅಳತೆಯಲ್ಲಿ ನಡೆದುಹೋಗುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ ಅಲ್ವಾ! ದೂರ ಹೋದಂತೆ ಎಲೆಕ್ಟ್ರಾನ್ ಸಾಂದ್ರತೆ ಹೆಚ್ಚು, ಕಡಿಮೆ, ಮತ್ತೆ ಹೆಚ್ಚು ಅಂತ ಅಲೆಯಾಗಿ ಏರಿಳಿಯುತ್ತದೆ. ಫ್ರಾನ್ಸಿನ ಭೌತವಿಜ್ಞಾನಿ ಝಾಕ್ ಫ್ರೀಡೆಲ್ 1950ರ ದಶಕದಲ್ಲೇ ಇದನ್ನು ತೋರಿಸಿದರು. ಆ ಅಲೆ ಹುಟ್ಟುವುದು ಫರ್ಮಿ ಮಟ್ಟದ ಚೂಪಾದ ಅಂಚಿನಿಂದ: ಆ ಮಟ್ಟದ ಕೆಳಗಿನ ಶಕ್ತಿಯ ಜಾಗಗಳೆಲ್ಲ ಎಲೆಕ್ಟ್ರಾನುಗಳಿಂದ ಭರ್ತಿ, ಮೇಲಿನವೆಲ್ಲ ಖಾಲಿ. ಶಾಖ ಕೈ ಹಾಕುವುದೂ ಸರಿಯಾಗಿ ಅಲ್ಲಿಗೇ. ಅಂಚು ಮಸುಕಾಗುತ್ತದೆ. ಅದರ ಆಚೀಚೆಯ ಎಲೆಕ್ಟ್ರಾನುಗಳ ಅಲೆಯುದ್ದ ಒಂದಕ್ಕೊಂದು ಚೂರು ಬೇರೆ. ಹತ್ತಿರದಲ್ಲಿ ಜೊತೆಯಾಗಿ ಏರಿಳಿಯುವ ಅವು ದೂರದಲ್ಲಿ ತಾಳ ತಪ್ಪಿ ಒಂದನ್ನೊಂದು ಅಳಿಸಿಹಾಕುತ್ತವೆ. 80,000ದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಶಾಖವೊಂದನ್ನೇ ಗಣನೆಗೆ ತೆಗೆದುಕೊಂಡರೂ, 300 ಕೆಲ್ವಿನ್‌ನಲ್ಲಿ ತಾಮ್ರದೊಳಗೆ ಸುಮಾರು 6 ನ್ಯಾನೋಮೀಟರ್ ದಾಟಿದ ಮೇಲೆ ಅಲೆ ಬೇಗ ಬೇಗ ಅಡಗುತ್ತದೆ. 4 ಕೆಲ್ವಿನ್‌ಗೆ ಇಳಿಸಿ, ಆ ಮಿತಿ 75 ಪಟ್ಟು ಹಿಗ್ಗುತ್ತದೆ. 1993ರಲ್ಲಿ ಐಬಿಎಂನ ಆಲ್ಮಡೆನ್ ಪ್ರಯೋಗಾಲಯದಲ್ಲಿ ಕ್ರೋಮಿ, ಲುಟ್ಜ್, ಐಗ್ಲರ್ ತಾಮ್ರದ ಮೇಲ್ಮೈಯನ್ನು 4 ಕೆಲ್ವಿನ್‌ಗೆ ತಣಿಸಿ ಚಿತ್ರ ತೆಗೆದರು. ಕಲ್ಮಶದಂಥ ಒಂದೊಂದು ದೋಷದ ಸುತ್ತಲೂ ಉಂಗುರ ಉಂಗುರವಾಗಿ ಅಲೆ, ಸುಮಾರು 1.5 ನ್ಯಾನೋಮೀಟರಿಗೊಂದು. ಅದನ್ನು ಮೊದಲ ಸಲ ನೋಡಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಇಂಥದ್ದನ್ನು ಮಕ್ಕಳಿಂದ ಬಚ್ಚಿಡುವುದು ಅನ್ಯಾಯ.

ಕಬ್ಬಿಣದಂಥ ಕಾಂತೀಯ ಕಲ್ಮಶವಾದರಂತೂ ಇನ್ನೂ ಸೋಜಿಗ. ಚಿನ್ನವನ್ನು ತಣ್ಣಗೆ ಮಾಡುತ್ತಾ ಹೋದರೆ ಒಂದು ಹಂತದ ಆಚೆ ಅದರ ವಿದ್ಯುತ್ ರೋಧ ಮತ್ತೆ ಏರುತ್ತದೆ ಅಂತ 1934ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಕಂಡರು. ಕಾರಣ ಆ ಕಲ್ಮಶ ಅಂತ ಜಪಾನಿನ ಜುನ್ ಕೊಂಡೊ ಬಿಡಿಸಿ ಹೇಳಿದ್ದು 1964ರಲ್ಲಿ. ಎಲ್ಲರೂ ಸೊನ್ನೆ ಅಂತ ಇಟ್ಟುಕೊಂಡು ಕೂತಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಪಾಠ ಮಾಡುವ ಗೆಳೆಯರೇ, ಒಂದೇ ಗ್ರಾಫಿನಲ್ಲಿ ಎಲೆಕ್ಟ್ರಾನ್ ಸಾಂದ್ರತೆಯ ಎರಡು ಗೆರೆ ಹಾಕಿಸಿ. ಒಂದು 4 ಕೆಲ್ವಿನ್‌ದು, ಇನ್ನೊಂದು 300ರದ್ದು. ಪೈಥಾನ್‌ನಲ್ಲಿ ಸಣ್ಣದೊಂದು ಕೋಡ್ ಸಾಕು. ಬೇಕಾದವರು ಕೇಳಿ, ಕಳಿಸುತ್ತೇನೆ.