ಸಾಗರಯಾನಕ್ಕೆ ಹೆಣ್ಣುಮಕ್ಕಳದೇ ತಂಡ ಬೇಕೇ?

ಪರ: ಹುಟ್ಟು ಮೊದಲು ಕೈಗೆ ಬರಲಿ

ಚಿತ್ರದುರ್ಗದ ನನಗೆ ಬಾಲ್ಯದ ಸಮುದ್ರವೆಂದರೆ ವಾಣಿವಿಲಾಸ ಸಾಗರ. ಹತ್ತು ವರ್ಷದವಳಿದ್ದಾಗ ಸೋದರಮಾವ ನನ್ನನ್ನೂ ಅಣ್ಣನನ್ನೂ ಅಲ್ಲಿ ಹರಿಗೋಲು ಹತ್ತಿಸಿದರು. ಹುಟ್ಟನ್ನು ಅಣ್ಣನ ಕೈಗೆ ಕೊಟ್ಟರು. ನನಗೂ ಕೊಡಿ ಎಂದೆ. “ನೀನು ಅಲುಗಾಡದೆ ಕೂತಿರು ಪುಟ್ಟಿ, ಅಷ್ಟು ಮಾಡಿದರೆ ಸಾಕು” ಎಂದರು. ಅಣ್ಣನಿಗೆ ಹುಟ್ಟು ಹಾಕಲು ಬರುತ್ತಿರಲಿಲ್ಲ. ಹರಿಗೋಲು ನಿಂತಲ್ಲೇ ಗಿರಗಿರನೆ ತಿರುಗಿತು. ಆದರೂ ಯಾರೂ ಅವನ ಕೈಯಿಂದ ಅದನ್ನು ಕಿತ್ತುಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಅವನು ಕಲಿತಿದ್ದ. ನಾನು ಅಲುಗಾಡದೆ ಕೂರುವುದನ್ನು ಕಲಿತಿದ್ದೆ.

ಮಾವನ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಅದಕ್ಕೇ ಆ ದಿನ ಇಂದಿಗೂ ನೋಯುತ್ತದೆ.

ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿ ನೇತೃತ್ವದ ನೌಕಾಪಡೆಯ ಆರು ಮಹಿಳೆಯರು 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ‘ತಾರಿಣಿ’ಯಲ್ಲಿ ಹೊರಟರು. ಐವತ್ತಾರು ಅಡಿಯ ಹಾಯಿದೋಣಿ ಅದು. ಭೂಮಿಯನ್ನು ಸುತ್ತಿ 254 ದಿನಗಳ ನಂತರ ಮರಳಿದರು. ಅಂಥ ದೋಣಿಯಲ್ಲಿ ಸರದಿ ಕಾವಲು ಮುಗಿಸಿ, ಒದ್ದೆ ಬಟ್ಟೆ ಕಳಚಿ ಮಲಗಿದರೆ ಮತ್ತೆ ಕರೆ ಬರುತ್ತದೆ: ಗಾಳಿ ಜೋರಾಗಿದೆ, ಹಾಯಿ ಕುಗ್ಗಿಸಬೇಕು. ನೆಲ ಸದಾ ಓರೆ. ದೋಣಿ ವಾಲಿದರೂ ಪಾತ್ರೆ ಉರುಳದಂತೆ ಒಲೆಯನ್ನೇ ತೂಗುಬಿಟ್ಟಿರುತ್ತಾರೆ. ಮರಳುವ ಹಾದಿಯಲ್ಲಿ ಚುಕ್ಕಾಣಿಯ ಯಂತ್ರ ಕೆಟ್ಟು, ತಂಗಬೇಕಾದ ಬಂದರುಗಳ ಪಟ್ಟಿಯಲ್ಲಿ ಇಲ್ಲದ ಮಾರಿಷಸ್‌ಗೆ ದೋಣಿಯನ್ನು ತಿರುಗಿಸಬೇಕಾಯಿತು. ಆಗ “ನೀನು ಪಕ್ಕಕ್ಕೆ ಸರಿ, ನಾನು ನೋಡುತ್ತೇನೆ” ಎನ್ನುವ ಗಂಡಸು ಆ ದೋಣಿಯಲ್ಲಿ ಇರಲಿಲ್ಲ. ನನಗೆ ಬೇಕಾದದ್ದು ಇಷ್ಟೇ.

ಗಂಡುಹೆಣ್ಣು ಕೂಡಿದ ತಂಡವೇ ಮೇಲು ಎನ್ನುವವರಿದ್ದಾರೆ. ಅಂಥ ತಂಡದಲ್ಲಿ ಹೆಣ್ಣಿಗೆ ಸಿಗುವುದು ಒಲೆಯ ಪಕ್ಕದ ಜಾಗ ಎಂಬುದು ಅವರಿಗೆ ತಿಳಿಯದೇ? ಬ್ರಿಟನ್ನಿನ ಟ್ರೇಸಿ ಎಡ್ವರ್ಡ್ಸ್ 1985–86ರ ವಿಟ್‌ಬ್ರೆಡ್ ವಿಶ್ವಪರ್ಯಟನ ಸ್ಪರ್ಧೆಗೆ ಹೋದದ್ದು ಅಡುಗೆಯವಳಾಗಿ. ಮುಂದಿನ ಸ್ಪರ್ಧೆಗೆ, 1989ರಲ್ಲಿ, ‘ಮೇಡನ್’ ದೋಣಿಯಲ್ಲಿ ಹೆಣ್ಣುಮಕ್ಕಳದೇ ತಂಡ ಕಟ್ಟಿ ನಾಯಕಿಯಾದರು. ಎರಡು ಹಂತಗಳನ್ನು ಗೆದ್ದು ತಮ್ಮ ವರ್ಗದಲ್ಲಿ ಎರಡನೆಯವರಾದರು. ಅಡುಗೆ ಮಾಡುತ್ತಿದ್ದ ಕೈಗೂ ಚುಕ್ಕಾಣಿ ಹಿಡಿದ ಕೈಗೂ ನಡುವೆ ಇದ್ದದ್ದು ನಾಲ್ಕೇ ವರ್ಷ. ಕೈ ಅದೇ!

ತಪ್ಪು ಮಾಡಲು ಬಿಡದೆ ಯಾರಿಗೂ ನೀರು ಒಲಿಯುವುದಿಲ್ಲ. ಒನಕೆ ಓಬವ್ವನನ್ನು ಕೊಂಡಾಡುವ ನಮ್ಮ ದುರ್ಗದವರು ನೆನೆಯಬೇಕು: ಆ ಹೊತ್ತಿನಲ್ಲಿ ಕಿಂಡಿಯ ಬಳಿ ಅವಳೊಬ್ಬಳೇ ಇದ್ದಳು.

ವಿರೋಧ: ಒಂದೇ ದೋಣಿಯಲ್ಲಿ ಕಲಿಯಲಿ

ವಿರೋಧದ ಕಡೆಯಿಂದ ಬರೆಯಿರಿ ಎಂದು ಸಂಪಾದಕರು ಕೇಳಿದರು. ಪೂರ್ತಿ ವಿರೋಧ ನನ್ನಲ್ಲಿಲ್ಲ. ಒಂದು ಅಳುಕು ಇದೆ, ಅದನ್ನು ಹೇಳುತ್ತೇನೆ.

ಅಲೆಗೆ ಗಂಡುಹೆಣ್ಣೆಂಬ ಭೇದವಿಲ್ಲ. ‘ತಾರಿಣಿ’ಯ ತಂಡ ಪಳಗಿದ್ದು 2009–10ರಲ್ಲಿ ಒಬ್ಬರೇ ಜಗತ್ತು ಸುತ್ತಿದ ದಿಲೀಪ್ ದೊಂದೆಯವರ ಮಾರ್ಗದರ್ಶನದಲ್ಲಿ. ಜೊತೆಯಾಗಿ ಕಲಿಯಬಹುದಾದರೆ ಜೊತೆಯಾಗಿ ಹೋಗಲೂಬಹುದು. ಖರ್ಚಿನ ಮಾತೂ ಇದೆ. ಆದರೆ ಅದು ಎಲ್ಲ ಯಾನಗಳಿಗೂ ಸಲ್ಲುವ ಮಾತಾದ್ದರಿಂದ ಬಿಡುತ್ತೇನೆ.

ದಾವಣಗೆರೆಯ ಒಂದು ತರಬೇತಿ ಸಂಸ್ಥೆಯಲ್ಲಿ ನಾನು ಲೇತ್ ಕೆಲಸ ಕಲಿಸುತ್ತಿದ್ದೆ. ಹುಡುಗಿಯರು ಹಿಂದೆ ಸರಿದು ನಿಲ್ಲುತ್ತಾರೆಂದು ಒಂದು ವರ್ಷ ಅವರಿಗೇ ಬೇರೆ ತಂಡ ಮಾಡಿದೆವು. ಕೆಲಸ ಅಚ್ಚುಕಟ್ಟಾಗಿ ಬಂತು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಉಕ್ಕು ಕಡೆದರು. ಮರುವರ್ಷ ಹುಡುಗರನ್ನೂ ಹುಡುಗಿಯರನ್ನೂ ಒಂದೇ ಶೆಡ್ಡಿಗೆ ತಂದೆವು. ಮೊದಲ ವಾರದಲ್ಲೇ ಹುಡುಗರು ಯಂತ್ರಗಳ ಮುಂದೆ, ಹುಡುಗಿಯರು ಅವರ ಬೆನ್ನ ಹಿಂದೆ. ಕಲಿತ ಹುಡುಗಿಯರು ಮರೆತಿರಲಿಲ್ಲ. ಜಾಗ ಬಿಡಬೇಕೆಂಬುದು ಹುಡುಗರಿಗೆ ಗೊತ್ತಿರಲಿಲ್ಲ, ಅಷ್ಟೇ.

2024ರ ಅಕ್ಟೋಬರ್ 2ರಂದು ಅದೇ ‘ತಾರಿಣಿ’ಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಹೊರಟು ಮರುವರ್ಷ ಮೇ ಕೊನೆಗೆ ಮರಳಿದರು. ಒಬ್ಬರು ಮಲಗಿದಾಗ ಇಡೀ ಸಾಗರಕ್ಕೆ ಇನ್ನೊಬ್ಬರೇ ಎಚ್ಚರ. ಓದಿ ನನ್ನ ಕಣ್ಣು ತುಂಬಿತ್ತು. ಅವರ ಸಾಮರ್ಥ್ಯದ ಬಗ್ಗೆ ನನಗೆ ಯಾವ ಪ್ರಶ್ನೆಯೂ ಇಲ್ಲ. ದಡಕ್ಕೆ ಬಂದು ಇವರು ಮತ್ತೆ ಎಲ್ಲರ ನಡುವೆ ಕೆಲಸಕ್ಕೆ ನಿಂತಾಗ, ಪಕ್ಕದವನು ಏನು ಕಲಿತಿರುತ್ತಾನೆ?

ಹುಡುಗಿಯರ ಬೇರೆ ತಂಡಕ್ಕೆ ಆ ವರ್ಷ ದಿನಕ್ಕೆ ಎರಡು ಗಂಟೆ ಹೆಚ್ಚು ನಿಂತು ಕಲಿಸಿದ್ದೆ. ಪಕ್ಕದ ಶೆಡ್ಡಿನಲ್ಲಿದ್ದ ಹುಡುಗರನ್ನು ಕರೆದು ಒಂದು ಮಾತು ಆಡಿರಲಿಲ್ಲ.