ಹೆಂಡತಿಯೋ, ಸೇಬುಹಣ್ಣೋ?

ಪ್ರಶ್ನೆ: ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್ ತನ್ನ ಹೆಂಡತಿ ಓರ್ತಾನ್ಸ್ ಫಿಕೆಯನ್ನು ಬರೀ ಒಂದು ವಸ್ತುವಿನಂತೆ ಬರೆದನೇ?

ಪರ

ಹೌದು. ಬಾಸ್ಟನ್ ಮ್ಯೂಸಿಯಂನಲ್ಲಿರುವ, 1877ರ ಸುಮಾರಿನ ಚಿತ್ರವನ್ನೇ ನೋಡಿ. ಕಣ್ಣಿಗೆ ಮೊದಲು ಬೀಳುವುದು ಕೆಂಪು ಕುರ್ಚಿ, ಆಮೇಲೆ ಪಟ್ಟೆ ಪಟ್ಟೆ ಲಂಗ. ಕೊನೆಗೆ ಆಕೆಯ ಮುಖ, ಅದರ ಮೇಲೂ ಹಸಿರು ಛಾಯೆ. ನಗುವಿಲ್ಲ, ಮುನಿಸೂ ಇಲ್ಲ. ಅವನು ಬರೆದ ಆಕೆಯ ತೈಲಚಿತ್ರಗಳೇ ಸುಮಾರು 29. ಅಷ್ಟನ್ನೂ ಸಾಲಾಗಿ ನೋಡಿದರೂ ಆಕೆ ಎಂಥ ಹೆಂಗಸು ಅಂತ ತಿಳಿಯುವುದಿಲ್ಲ. ಒಂದರ ಮುಖ ಇನ್ನೊಂದರಂತಿಲ್ಲ. ಮುಂದೆ ಕಲಾವ್ಯಾಪಾರಿ ವೊಲಾರ್ ತನ್ನ ಚಿತ್ರ ಬರೆಸಿಕೊಳ್ಳಲು ಕೂತಲ್ಲೇ ತೂಕಡಿಸಿ ಬಿದ್ದಾಗ, ‘ಸೇಬು ಅಲ್ಲಾಡುತ್ತದೆಯೇ?’ ಎಂದು ಗದರಿದವನು ಇದೇ ಸೆಜಾನ್.

ಬದುಕಿನಲ್ಲೂ ಅಷ್ಟೇ. ಬ್ಯಾಂಕ್ ನಡೆಸುತ್ತಿದ್ದ ಅಪ್ಪ ತಿಂಗಳ ಹಣ ನಿಲ್ಲಿಸಿಬಿಟ್ಟಾನೆಂದು ಆಕೆಯನ್ನೂ 1872ರಲ್ಲಿ ಹುಟ್ಟಿದ ಮಗನನ್ನೂ ವರ್ಷಗಟ್ಟಲೆ ಬಚ್ಚಿಟ್ಟ. ಮದುವೆಯಾದದ್ದು 1886ರಲ್ಲಿ. ಉಯಿಲಿನಲ್ಲಿ ಎಲ್ಲವೂ ಮಗನಿಗೆ, ಹೆಂಡತಿಗೆ ಸೊನ್ನೆ.

ವಿರೋಧ

ಗಂಡನಾಗಿ ಅವನು ಒಳ್ಳೆಯವನೆಂದು ನಾನೂ ವಾದಿಸಲಾರೆ. ಆದರೆ ಉಯಿಲು ಓದಿಕೊಂಡು ಬಂದು ಚಿತ್ರ ನೋಡಿದರೆ ಕಾಣುವುದು ಉಯಿಲೇ.

‘ಸೇಬಿನಂತೆ’ ಎನ್ನುವುದು ಬೈಗುಳವೇ? ಈ ಮನುಷ್ಯನ ಬಾಯಲ್ಲಂತೂ ಅಲ್ಲ. ಹೂ ಬಾಡಿಹೋಗುತ್ತದೆಂದು ಕಾಗದದ ಹೂ ಇಟ್ಟುಕೊಂಡು ಬರೆಯುವಷ್ಟು ನಿಧಾನಿ ಅವನು. ವೊಲಾರ್‌ನನ್ನು 115 ಸಲ ಕೂರಿಸಿದನಂತೆ. ಅಷ್ಟಾದರೂ ಚಿತ್ರ ಮುಗಿಯಲಿಲ್ಲ. ಅಂಥವನ ಮುಂದೆ ಗಂಟೆಗಟ್ಟಲೆ ಅಲುಗದೆ ಕೂತವಳು ನಗು ಎಲ್ಲಿಂದ ತಂದಾಳು? ಅದು ತಾತ್ಸಾರಕ್ಕೆ ಒಳಗಾದವಳ ಮುಖವಲ್ಲ, ದಣಿದವಳ ಮುಖ. ಬರೀ ಒಂದು ಆಕಾರ ಸಾಕಾಗಿದ್ದರೆ ಇಪ್ಪತ್ತು ವರ್ಷ ಅದೇ ಹೆಂಗಸಿನ ಎದುರು ಮತ್ತೆ ಮತ್ತೆ ಕುಂಚ ಹಿಡಿಯಬೇಕಿರಲಿಲ್ಲ.

ಇನ್ನೊಂದು ಹಾಳೆ ಇದೆ, 1885ರ ಸುಮಾರಿನದು. ಒಂದು ಕಡೆ ಹೈಡ್ರೇಂಜಿಯಾ ಹೂ, ಪಕ್ಕದಲ್ಲೇ ಪೆನ್ಸಿಲಿನಲ್ಲಿ ಓರ್ತಾನ್ಸ್‌ಳ ಮುಖ. ಆ ಹೂವಿಗೆ ಫ್ರೆಂಚರು ಕರೆಯುವ ಹೆಸರು ‘ಓರ್ತಾನ್ಸಿಯಾ’! ವಸ್ತುವಿನ ಹೆಸರಿನ ಜೊತೆ ಯಾರೂ ಹೀಗೆ ಆಟವಾಡುವುದಿಲ್ಲ. ಪರವಾಗಿ ವಾದಿಸಿದವರು ಈ ಹಾಳೆಯ ಮಾತೇ ಎತ್ತಲಿಲ್ಲ.

ಮುಖಕ್ಕಿಂತ ಲಂಗ ಮುಂದೆ ಎಂಬ ಮಾತಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲೇ ಉತ್ತರವಿದೆ. 1891ರ ಚಿತ್ರ, ಗಾಜಿನಮನೆಯ ಗಿಡಗಳ ನಡುವೆ ತಲೆ ತುಸು ವಾಲಿಸಿ ಕೂತಿದ್ದಾಳೆ. ಲಂಗ ಅರ್ಧಂಬರ್ಧ, ಕೈಗಳೂ ಮುಗಿದಿಲ್ಲ. ತೃಪ್ತಿಯಾಗುವವರೆಗೆ ತಿದ್ದಿರುವುದು ಮುಖವನ್ನು.